ಕೋವಿಗೆ ಲೈಸೆನ್ಸು, ಮದ್ದಿಗೆ ದೇವರೇ ಗತಿ

“ಇನ್ನೂ ನಿಮ್ಮೂರಲ್ಲಿ ಜನ ಕೋವಿ ಇಟ್ಕೊಂಡಿದ್ದಾರಾ?” ಅಂತ ಆಫೀಸಿನ ಊಟದ ಟೇಬಲ್ಲಿನಲ್ಲಿ ಯಾರಾದರೂ ಕಣ್ಣರಳಿಸಿದರೆ ನಾನು ಈಗೀಗ ವಾದಕ್ಕೆ ಹೋಗುವುದಿಲ್ಲ. ಹೌದು ಸ್ವಾಮಿ, ಇಟ್ಕೊಂಡಿದ್ದಾರೆ. ಅರ್ಜಿ ಹಾಕಿ, ಫೀಸು ಕಟ್ಟಿ, ಜಿಲ್ಲಾಧಿಕಾರಿ ಕಚೇರಿಯ ಮೆಟ್ಟಿಲು ಸವೆಸಿ ಇಟ್ಕೊಂಡಿದ್ದಾರೆ. ನೀವು ಕೇಳಬೇಕಾದ ಪ್ರಶ್ನೆ ಅದಲ್ಲ. ಆ ಕೋವಿಯ ನಳಿಗೆಯೊಳಗೆ ಏನು ಸುರೀತಾರೆ ಅಂತ ಕೇಳಿ. ಅದನ್ನು ನೀವೂ ಕೇಳಲ್ಲ, ಲೈಸೆನ್ಸ್ ಕೊಟ್ಟ ಸರ್ಕಾರವೂ ಕೇಳಲ್ಲ, ಎಷ್ಟೋ ಸಲ ಸುರಿಯುವವನೂ ತನ್ನನ್ನು ತಾನು ಕೇಳಿಕೊಳ್ಳಲ್ಲ. ನನ್ನ ತಕರಾರು ಇರುವುದು ಇಲ್ಲಿ.

ಸುತ್ತು ಬಳಸದೆ ಹೇಳ್ತೀನಿ. ಬೆಳೆ ಕಾಯೋಕೆ ಅಂತ ಬಾಯಿಂದ ತುಂಬುವ ಕೋವಿಗೆ ಪರವಾನಗಿ ಕೊಡುವ ಸರ್ಕಾರ, ಆ ಕೋವಿಗೆ ತಕ್ಕ ಮದ್ದು ರೈತನ ಕೈಗೆ ಸಿಗುವ ವ್ಯವಸ್ಥೆ ಮಾಡದೇ ಇದ್ದರೆ ಅದು ಕೊಡುತ್ತಿರುವುದು ಪರವಾನಗಿ ಅಲ್ಲ. ನಾಳೆ ನಳಿಗೆ ಸಿಡಿದು ಅವನ ಬೆರಳು ಹೋದರೆ ‘ತಪ್ಪು ನಿನ್ನದೇ’ ಅನ್ನೋಕೆ ಇವತ್ತೇ ಬರೆಸಿಕೊಂಡ ಮುಚ್ಚಳಿಕೆ.

ಶಿವನಿ ಗೊತ್ತಿಲ್ಲದವರಿಗೆ: ಬೀರೂರಿನಿಂದ ಚಿಕ್ಕಜಾಜೂರಿನ ಕಡೆ ಹೋಗುವ ರೈಲು ಅಜ್ಜಂಪುರ ಬಿಟ್ಟ ಮೇಲೆ ಸಿಗುವ ಸಣ್ಣ ಸ್ಟೇಷನ್. ಮೊದಲು ತರೀಕೆರೆ ತಾಲ್ಲೂಕು, ಈಗ ಅಜ್ಜಂಪುರ. (ಕೆನೆತ್ ಆ್ಯಂಡರ್ಸನ್ ಬರೆದ ಕರಿಚಿರತೆಯ ಶಿವನಿಪಳ್ಳಿ ಇದಲ್ಲ, ಅದು ತಮಿಳುನಾಡಿನದು. ಪ್ರತಿ ಸಲ ಯಾರಾದರೂ ಕೇಳ್ತಾರೆ, ಅದಕ್ಕೆ ಹೇಳಿದೆ.) ಮಲೆನಾಡೂ ಅಲ್ಲದ, ಪೂರ್ತಿ ಬಯಲುಸೀಮೆಯೂ ಅಲ್ಲದ ಅಂಚಿನ ನೆಲ. ಈರುಳ್ಳಿ, ಆಲೂಗಡ್ಡೆ, ರಾಗಿ, ಮೆಕ್ಕೆಜೋಳ, ತೆಂಗು, ಈಗೀಗ ಎಲ್ಲಿ ನೋಡಿದರೂ ಅಡಿಕೆ. ಗುಡ್ಡ, ಕುರುಚಲು ಕಾಡು ದೂರ ಇಲ್ಲ. ರಾತ್ರಿ ಹಂದಿ ಹಿಂಡು ಇಳಿದರೆ ಮೆಕ್ಕೆಜೋಳದ ಹೊಲ ಬೆಳಗಾಗುವಷ್ಟರಲ್ಲಿ ರೋಲರ್ ಓಡಿಸಿದ ಹಾಗೆ ಮಲಗಿರುತ್ತೆ. ಹಂದಿಗೆ ಗೆಡ್ಡೆ ಅಂದರೆ ಪ್ರಾಣ. ಅದು ತಿನ್ನುವುದಕ್ಕಿಂತ ಉತ್ತು ಹಾಳು ಮಾಡುವುದೇ ಹೆಚ್ಚು. ನಿಮ್ಮ ಬಾಣಂತಿ ರಜೆ, ಬೋನಸ್ಸು, ಅಪ್ರೈಸಲ್ಲು ಎಲ್ಲ ಒಂದೇ ರಾತ್ರಿಯಲ್ಲಿ ಯಾರೋ ಬಂದು ಮೇದು ಹೋದರೆ ಹೇಗಿರುತ್ತೆ ಅಂತ ಯೋಚಿಸಿ.

ಅದಕ್ಕೇ ಕೋವಿ. ಸಿನಿಮಾದಲ್ಲಿ ನೀವು ನೋಡುವ ಥರದ್ದಲ್ಲ. ಒಂಟಿ ನಳಿಗೆಯ ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು ಸುರಿಯಬೇಕು, ಅದರ ಮೇಲೆ ನಾರಿನ ಉಂಡೆ ಇಟ್ಟು ಸರಳಿನಿಂದ ಜಡಿಯಬೇಕು, ಚರೆ ಹಾಕಬೇಕು, ಚರೆ ಉದುರದ ಹಾಗೆ ಇನ್ನೊಂದು ಉಂಡೆ. ಹಿಂದೆ ಕೇಪು ಸಿಕ್ಕಿಸಿ ಕುದುರೆ ಎಳೆದರೆ ಒಂದು ಈಡು. ಇನ್ನೊಂದು ಈಡಿಗೆ ಮತ್ತೆ ಮೊದಲಿಂದ. ಇದರ ಮತ್ತು ತೋಟೆ ಕೋವಿಯ ನಡುವಿನ ವ್ಯತ್ಯಾಸ ಬರೀ ಹಳತು ಹೊಸತಿನದಲ್ಲ. ತೋಟೆಯಲ್ಲಿ ಯಾವ ಮದ್ದು, ಎಷ್ಟು ಮದ್ದು ಅನ್ನುವುದನ್ನು ಕಾರ್ಖಾನೆ ನಿರ್ಧರಿಸಿ, ಪರೀಕ್ಷೆ ಮಾಡಿ, ಮುಚ್ಚಿ ಕಳಿಸಿರುತ್ತೆ. ಕೇಪಿನ ಕೋವಿಯಲ್ಲಿ ಪ್ರತಿ ಈಡಿಗೂ ರೈತನೇ ಕಾರ್ಖಾನೆ. ಕತ್ತಲಲ್ಲಿ, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಹೊಲದ ಬದುವಿನ ಮೇಲೆ ಕೂತ ಕಾರ್ಖಾನೆ.

ಈಗ ಕಾನೂನು ನೋಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 13ರಲ್ಲಿ ನಮ್ಮ ಈ ಬಡಪಾಯಿ ಕೋವಿಯ ಹೆಸರೇ ಇದೆ. ನಿಜವಾಗಿಯೂ ಬೆಳೆ ರಕ್ಷಣೆಗೆ ಅಂತ ಬಾಯಿಂದ ತುಂಬುವ ಕೋವಿ ಕೇಳಿದ ನಾಗರಿಕನಿಗೆ ಪರವಾನಗಿ ಕೊಡತಕ್ಕದ್ದು ಅಂತ ಅಲ್ಲಿ ಬರೆದಿದೆ. ಅಂಥ ಕೋವಿ ಸಾಲದು ಅಂತ ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ನುಣುಪು ನಳಿಗೆಯ ಬಂದೂಕು. ಅಂದರೆ ರೈತ ಈ ಹಳೇ ಕೋವಿಯನ್ನು ಹಠಕ್ಕೆ ಬಿದ್ದು ಇಟ್ಟುಕೊಂಡಿಲ್ಲ. ‘ನಿನಗೆ ಇದೇ ಸಾಕು’ ಅಂತ ಪಾರ್ಲಿಮೆಂಟೇ ಅವನಿಗೆ ಆರಿಸಿ ಕೊಟ್ಟಿದೆ. ಒಳ್ಳೇದು. ಆದರೆ ಇಂಥ ಕೋವಿಗೆ ಇಂಥ ಮದ್ದು ಬೇಕಾಗುತ್ತೆ, ಅದನ್ನು ಅವನು ಎಲ್ಲಿಂದ ತರಬೇಕು ಅನ್ನುವ ಯೋಚನೆ ಆಮೇಲೆ ಯಾರಿಗೂ ಬರಲಿಲ್ಲ.

ಕೋವಿಯ ಮೇಲೆ ನಿಗಾ ಕಡಿಮೆ ಏನಿಲ್ಲ. ಅದಕ್ಕೆ ನಂಬರಿದೆ, ಲೈಸೆನ್ಸ್ ಪುಸ್ತಕ ಇದೆ, ಆನ್‌ಲೈನ್ ದಾಖಲೆ ಇದೆ, 2019ರ ತಿದ್ದುಪಡಿ ಆದ ಮೇಲೆ ಐದು ವರ್ಷಕ್ಕೊಮ್ಮೆ ನವೀಕರಣ ಇದೆ. ಎಲೆಕ್ಷನ್ ಬಂದರೆ ಠಾಣೆಗೆ ಒಪ್ಪಿಸು ಅನ್ನುವ ನೋಟಿಸು ಇದೆ. 2024ರ ಲೋಕಸಭೆ ಚುನಾವಣೆಯಲ್ಲಿ ನೀತಿ ಸಂಹಿತೆ ಮಾರ್ಚ್ 16ಕ್ಕೆ ಶುರುವಾಗಿ ಜೂನ್ ಮೊದಲ ವಾರದವರೆಗೆ ಇತ್ತು. ಹಂದಿಗೆ ನೀತಿ ಸಂಹಿತೆ ಅನ್ವಯಿಸುವುದಿಲ್ಲ ಅಂತ ಬೇರೆ ಹೇಳಬೇಕಿಲ್ಲ. ಲೈಸೆನ್ಸ್ ಪುಸ್ತಕದಲ್ಲಿ ಒಂದು ಸಲಕ್ಕೆ ಎಷ್ಟು ಮದ್ದುಗುಂಡು ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಅಂತ ಕಾಲಂ ಕೂಡ ಇದೆ. ‘ಎಷ್ಟು’ ಅನ್ನುವುದಕ್ಕೆ ಕಾಲಂ. ಮದ್ದಿನ ಕಾಳು ಎಂಥದ್ದು, ಯಾವ ವರ್ಷ ತಯಾರಾದದ್ದು, ಯಾರು ತಯಾರಿಸಿದ್ದು ಅನ್ನುವುದಕ್ಕೆ ಜಾಗವೇ ಇಲ್ಲ.

‘ಮದ್ದಿನಲ್ಲಿ ಎಂಥದ್ದು ಅನ್ನೋದು ಬೇರೆ ಇರುತ್ತಾ? ಕರಿ ಪುಡಿ ತಾನೇ?’ ಅನ್ನುತ್ತೀರಿ. ಎಲ್ಲ ಕೆಡುವುದೇ ಈ ಮಾತಿನಿಂದ.

ಕರಿಮದ್ದು ಅಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ಇಷ್ಟು ನಮ್ಮೂರಿನ ಹುಡುಗರಿಗೂ ಗೊತ್ತು, ಅದೇ ತೊಂದರೆ. ಈ ಮೂರೂ ಸೇರಿದ್ದೆಲ್ಲ ಕೋವಿಯ ಮದ್ದಾಗುವುದಿಲ್ಲ. ಕಾರ್ಖಾನೆಯಲ್ಲಿ ಇದನ್ನು ಅರೆದು, ಒತ್ತಿ ಗಟ್ಟಿ ಮಾಡಿ, ಒಡೆದು, ಜರಡಿ ಹಿಡಿದು ಕಾಳು ಮಾಡುತ್ತಾರೆ. ತೇವ ತಗಲದ ಹಾಗೆ, ಕಿಡಿ ಹುಟ್ಟದ ಹಾಗೆ ಎಷ್ಟೋ ಕಡೆ ಗ್ರಾಫೈಟಿನ ಹೊಳಪು ಕೊಡುತ್ತಾರೆ. ಬೆಂಕಿ ಹತ್ತುವುದು ಕಾಳಿನ ಮೈಮೇಲಿಂದ. ಕಾಳು ದಪ್ಪ ಇದ್ದರೆ ನಿಧಾನ, ಸಣ್ಣಗಿದ್ದರೆ ಚುರುಕು. ಅಮೆರಿಕದಲ್ಲಿರುವ ನಿಮ್ಮ ಗೆಳೆಯನನ್ನು ಕೇಳಿ, ಅಲ್ಲಿ ಕರಿಮದ್ದಿನ ಡಬ್ಬಿಯ ಮೇಲೆ ಎಫ್ ಅಕ್ಷರ ಎಷ್ಟು ಸಲ ಇದೆ ಅಂತ ನೋಡಿ ಕೊಳ್ಳುತ್ತಾರೆ. ನಮ್ಮ ಅಡುಗೆಮನೆ ಲೆಕ್ಕದಲ್ಲಿ ಹೇಳುವುದಾದರೆ ಒಂದು ಎಫ್ ಅಂದರೆ ಹೆಚ್ಚುಕಡಿಮೆ ರಾಗಿ ಕಾಳು, ದೊಡ್ಡ ನಳಿಗೆಗೆ. ಎರಡು ಎಫ್ ಬನ್ಸಿ ರವೆ, ಚರೆ ಹೊಡೆಯುವ ಕೋವಿಗೆ ಸಾಮಾನ್ಯವಾಗಿ ಇದು. ಮೂರು ಎಫ್ ಉಪ್ಪಿಟ್ಟಿನ ಸಣ್ಣ ರವೆ, ಸಣ್ಣ ನಳಿಗೆಗೆ, ಪಿಸ್ತೂಲಿಗೆ. ನಾಲ್ಕು ಎಫ್ ಚಿರೋಟಿ ರವೆ, ಹಿಂದಿನ ಕಾಲದ ಚಕಮಕಿ ಕಲ್ಲಿನ ಬಂದೂಕಿನಲ್ಲಿ ಕಿವಿಗೆ ಹಾಕಲು ಮಾತ್ರ, ನಳಿಗೆಗಲ್ಲ.

ಅಂದರೆ ಮದ್ದು ಆರಿಸುವುದು ಒಂದು ಕೆಲಸ. ನಳಿಗೆಯ ಅಗಲ ನೋಡಿ, ಅದರ ವಯಸ್ಸು ನೋಡಿ, ಚರೆಯೋ ಗುಂಡೋ ನೋಡಿ ಆರಿಸಬೇಕು. ಆಮೇಲೆ ಅಳತೆ. ಕರಿಮದ್ದನ್ನು ಗೊತ್ತಾದ ಒಂದು ಅಳತೆಯ ಚಿಪ್ಪಿನಲ್ಲಿ ತೆಗೆದು ಸುರಿಯಬೇಕೇ ಹೊರತು ಡಬ್ಬಿಯಿಂದ ನೇರ ನಳಿಗೆಗೆ ಬಗ್ಗಿಸಬಾರದು. ಹಿಂದಿನ ಈಡಿನ ಕೆಂಡ ಒಳಗೆ ಉಳಿದಿದ್ದರೆ ಕೈಯಲ್ಲಿರುವ ಡಬ್ಬಿಯೇ ಬಾಂಬು. ಜಗತ್ತಿನಲ್ಲಿ ಎಲ್ಲೆಲ್ಲಿ ಈ ಕೋವಿಗಳನ್ನು ಇನ್ನೂ ಹಿಡಿಯುತ್ತಾರೋ ಅಲ್ಲೆಲ್ಲ ಇದು ಮೊದಲ ದಿನದ ಪಾಠ. ನಮ್ಮಲ್ಲಿ ಯಾವ ದಿನದ ಪಾಠ?

ಶಿವನಿಯಲ್ಲಿ ಗೊಬ್ಬರದಂಗಡಿ ಇದೆ, ಬೀಜದಂಗಡಿ ಇದೆ, ಮೊಬೈಲ್ ಅಂಗಡಿ ಇದೆ. ಕೀಟನಾಶಕದ ಬಾಟ್ಲಿ ಮೇಲೆ ಕೆಂಪು ತ್ರಿಕೋನ, ಹಳದಿ ತ್ರಿಕೋನ, ತಯಾರಿಸಿದ ತಾರೀಕು, ಬ್ಯಾಚ್ ನಂಬರು, ಕನ್ನಡದಲ್ಲೂ ಎಚ್ಚರಿಕೆ. ಮದ್ದು? ಅದು ನ್ಯೂಸ್‌ಪೇಪರ್ ಪೊಟ್ಟಣದಲ್ಲಿ, ಕವರಿನಲ್ಲಿ, ಹಳೇ ಹಾರ್ಲಿಕ್ಸ್ ಬಾಟ್ಲಿಯಲ್ಲಿ ಬರುತ್ತೆ. ಯಾರ ಕೈಯಿಂದ ಅಂತ ಕೇಳಿದರೆ ‘ನಮ್ಮೋರೇ ಒಬ್ಬರು’. ಕಾನೂನುಬದ್ಧವಾಗಿ ಮಾರುವ ಅಂಗಡಿ ಹುಡುಕಿಕೊಂಡು ಪಟ್ಟಣಕ್ಕೆ ಹೋಗಬೇಕು. ಹೋದರೆ ಸ್ಟಾಕಿಲ್ಲ, ನಾಳೆ ಬಾ. ಹೊಲದ ಕೆಲಸ ಬಿಟ್ಟು ಎರಡು ಬಸ್ಸು ಹತ್ತಿ ಹೋದವನಿಗೆ ಮೂರನೇ ಸಲ ‘ನಾಳೆ ಬಾ’ ಅಂದರೆ ಅವನು ‘ನಮ್ಮೋರೇ ಒಬ್ಬರ’ ಹತ್ತಿರ ಹೋಗದೆ ಇನ್ನೇನು ಮಾಡ್ತಾನೆ?

ಹೀಗೆ ಬಂದ ಪೊಟ್ಟಣದಲ್ಲಿ ಮೂರು ಥರದ ಅಪಾಯ ಇರುತ್ತೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ‘ಜಾಸ್ತಿ ಹಾಕಿದ್ದಕ್ಕೆ ಸಿಡೀತು’ ಅಂತ ಎಲ್ಲರೂ ಒಂದೇ ಮಾತಲ್ಲಿ ಮುಗಿಸಿಬಿಡ್ತಾರೆ.

ಮೊದಲನೆಯದು ಪಟಾಕಿ ಮದ್ದು. ಪಟಾಕಿ ಬಿಚ್ಚಿ ಉದುರಿಸಿದ ಬೂದಿ ಬಣ್ಣದ, ಬೆಳ್ಳಿ ಮಿಂಚಿನ ಪುಡಿ. ಅದರಲ್ಲಿ ಅಲ್ಯೂಮಿನಿಯಂ ಇರುತ್ತೆ. ಕರಿಮದ್ದು ಗುಂಡನ್ನು ತಳ್ಳುತ್ತೆ. ಈ ಪುಡಿ ತಳ್ಳುವುದಿಲ್ಲ, ಸಿಡಿಯುತ್ತೆ. ಕಾಗದದ ಸುರುಳಿಯನ್ನು ಚಿಂದಿ ಮಾಡುವುದೇ ಅದರ ಕೆಲಸ, ಅದಕ್ಕಾಗಿಯೇ ಅದನ್ನು ಮಾಡಿರುವುದು. ನಳಿಗೆಯೊಳಗೆ ಹಾಕಿದರೆ ನಳಿಗೆಯನ್ನೇ ಕಾಗದ ಅಂದುಕೊಳ್ಳುತ್ತೆ. ಇನ್ನೂ ಕೆಟ್ಟದ್ದು ಕ್ಲೋರೇಟು ಮತ್ತು ಗಂಧಕ ಬೆರೆತದ್ದು. ಅದಕ್ಕೆ ಬೆಂಕಿಯೂ ಬೇಡ, ಉಜ್ಜಿದರೆ ಸಾಕು. ಈ ಬೆರಕೆಯನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿದೆ. ನಿಷೇಧ ಆದದ್ದು ಸಿಗಲ್ಲ ಅಂತ ನಂಬುವಷ್ಟು ಚಿಕ್ಕ ವಯಸ್ಸು ನಿಮ್ಮದಲ್ಲ. ಅಂಥದ್ದನ್ನು ನಳಿಗೆಗೆ ಹಾಕಿ ಮೇಲಿಂದ ಸರಳಿನಲ್ಲಿ ಜಡಿಯುವ ಚಿತ್ರ ಕಣ್ಮುಂದೆ ತಂದುಕೊಳ್ಳಿ. ಜಡಿಯುವವನ ಮುಖ ನಳಿಗೆಯ ಬಾಯಿಂದ ಎಷ್ಟು ದೂರ ಇರುತ್ತೆ ಅಂತಲೂ.

ಎರಡನೆಯದು ತೋಟೆ ಬಿಚ್ಚಿ ತೆಗೆದ ಮದ್ದು. ಇದು ಓದಿದವರು ಮಾಡುವ ತಪ್ಪು. ‘ಇದು ಫ್ಯಾಕ್ಟರಿ ಮಾಲು ಕಣ್ರೀ, ಹೊಗೆಯೇ ಬರಲ್ಲ, ನಳಿಗೆ ಕೊಳೆ ಆಗಲ್ಲ.’ ಸರಿ, ಬರಲ್ಲ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆಯಿಲ್ಲದ ಮದ್ದು ಕಂಡುಹಿಡಿದ ಮೇಲೆ ಲೋಕದ ಬಂದೂಕುಗಳನ್ನೆಲ್ಲ ಅದಕ್ಕೆ ತಕ್ಕ ಹಾಗೆ ಬೇರೆ ಉಕ್ಕಿನಲ್ಲಿ, ಬೇರೆ ದಪ್ಪದಲ್ಲಿ ಕಟ್ಟಬೇಕಾಯಿತು. ಅದರ ಒತ್ತಡ ಕರಿಮದ್ದಿನದಕ್ಕಿಂತ ಹಲವು ಪಟ್ಟು ಏರಬಲ್ಲದು. ಅಜ್ಜನ ಕಾಲದ ನಳಿಗೆಗೆ, ಅದೇ ಚಿಪ್ಪಿನ ಅಳತೆಯಲ್ಲಿ ಅದನ್ನು ಸುರಿದರೆ ಕೋವಿ ಹಿಂದಕ್ಕೆ ಹಾರುತ್ತೆ. ಹಿಂದೆ ಇರುವುದು ನಿಮ್ಮ ಅಪ್ಪನ ಕೆನ್ನೆ.

ಮೂರನೆಯದು ಮನೆಯಲ್ಲಿ ಅರೆದ ಹಿಟ್ಟು. ‘ನಮ್ಮಜ್ಜ ಮಾಡ್ತಿದ್ದ’ ಅನ್ನುವ ಗರ್ವದ್ದು. ಹಿಟ್ಟಿಗೆ ಕಾಳಿಲ್ಲ, ಕಾಳಿಲ್ಲದ ಮೇಲೆ ಕಾಳಿನ ನಡುವೆ ಬೆಂಕಿ ಓಡಲು ಸಂದೂ ಇಲ್ಲ. ಒಂದು ಸಲ ಬುಸ್ ಅಂತ ಹೊಗೆ, ಇನ್ನೊಂದು ಸಲ ಭುಜ ಕಳಚುವ ಪೆಟ್ಟು, ಮತ್ತೊಂದು ಸಲ ಕೇಪು ಹೊಡೆದು ನಾಲ್ಕು ಉಸಿರಾದ ಮೇಲೆ ಢಂ. ಆ ನಾಲ್ಕು ಉಸಿರಿನ ಹೊತ್ತಿನಲ್ಲಿ ಮನುಷ್ಯ ಏನು ಮಾಡ್ತಾನೆ? ಯಾಕೆ ಹೊಡೀಲಿಲ್ಲ ಅಂತ ಕೋವಿ ತಿರುಗಿಸಿ ಬಾಯಿ ನೋಡ್ತಾನೆ. ಯುರೋಪಿನಲ್ಲಿ ಹದಿನೈದನೇ ಶತಮಾನದಲ್ಲೇ ಹಿಟ್ಟು ಬಿಟ್ಟು ಕಾಳು ಮಾಡಲು ಶುರು ಮಾಡಿದ್ದು ಶೋಕಿಗಲ್ಲ, ಇದೇ ಕಾರಣಕ್ಕೆ. ಇನ್ನು ಮಳೆಗಾಲದಲ್ಲಿ ತೇವ ಎಳೆದ ಹಿಟ್ಟನ್ನು ಒಲೆ ಮೇಲಿನ ಅಟ್ಟದಲ್ಲಿ ಒಣಗಲು ಇಡುವವರ ಬಗ್ಗೆ ನಾನೇನೂ ಹೇಳುವುದಿಲ್ಲ, ಬಿಪಿ ಏರುತ್ತೆ.

ಮದ್ದು ಕೆಟ್ಟದಾದರೆ ಕಷ್ಟ ಕೋವಿ ಹಿಡಿದವನಿಗೊಂದೇ ಅಲ್ಲ. ಪ್ರಾಣಿಗಳನ್ನು ಪ್ರೀತಿಸುವ ನನ್ನ ಗೆಳೆಯ ಗೆಳತಿಯರು, ಡಿಪಿಯಲ್ಲಿ ಹುಲಿ ಹಾಕಿಕೊಂಡವರು, ಇದನ್ನು ಗಮನವಿಟ್ಟು ಓದಿ. ತೇಜಸ್ವಿಯವರು ಕನ್ನಡಕ್ಕೆ ತಂದ ಆ್ಯಂಡರ್ಸನ್‌ನ ಕಾಡಿನ ಕಥೆಗಳನ್ನು ನೀವೆಲ್ಲ ಓದಿದ್ದೀರಿ. ನರಭಕ್ಷಕನ ಹಿಂದಿನ ಕಥೆ ಕೆದಕಿದರೆ ಆ್ಯಂಡರ್ಸನ್‌ಗೆ ಮತ್ತೆ ಮತ್ತೆ ಸಿಗುವುದು ಯಾರದೋ ನಾಡಕೋವಿಯಿಂದ ಅರೆಬರೆ ಪೆಟ್ಟು ತಿಂದ ಪ್ರಾಣಿ. ದುರ್ಬಲ ಮದ್ದು ಚರೆಯನ್ನು ಚರ್ಮದ ಕೆಳಗೆ ಕಳಿಸಿ ಅಲ್ಲೇ ಬಿಡುತ್ತೆ. ಪ್ರಾಣಿ ಸಾಯುವುದಿಲ್ಲ, ಕೊಳೆಯುತ್ತೆ.

ಇಲ್ಲಿ ಒಂದು ಸ್ಪಷ್ಟನೆ, ಇಲ್ಲದಿದ್ದರೆ ನನ್ನನ್ನು ಷಿಕಾರಿ ಪಕ್ಷದವನು ಅಂತ ಬ್ರಾಂಡ್ ಮಾಡ್ತೀರಿ. ಕೋವಿಯ ಲೈಸೆನ್ಸು ಬೇಟೆಯ ಲೈಸೆನ್ಸಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಹಂದಿಯನ್ನೂ ಅನುಮತಿಯಿಲ್ಲದೆ ಕೊಲ್ಲುವಂತಿಲ್ಲ. ನವಿಲಿನ ತಂಟೆಗೆ ಹೋದರೆ ಜೈಲು. ನಮ್ಮ ಕಡೆ ಕೋವಿಯ ಹೆಚ್ಚಿನ ಕೆಲಸ ಸದ್ದು. ಚರೆ ಹಾಕದೆ, ಆಕಾಶಕ್ಕೆ ಮುಖ ಮಾಡಿ ಒಂದು ಈಡು ಹೊಡೆದರೆ ಹಿಂಡು ಆ ರಾತ್ರಿ ಪಕ್ಕದ ಹೊಲಕ್ಕೆ ಹೋಗುತ್ತೆ. (ಪಕ್ಕದವನೂ ಹೊಡೀತಾನೆ. ಹೀಗೇ ರಾತ್ರಿ ಸಾಗುತ್ತೆ.) ಆದರೆ ಮದ್ದು ಚೆನ್ನಾಗಿಲ್ಲದಾಗ ಸದ್ದೂ ಬರುವುದಿಲ್ಲ. ಸದ್ದು ಬರಲಿಲ್ಲ ಅಂತ ಮುಂದಿನ ಸಲ ಒಂದೂವರೆ ಪಾಲು ಹಾಕ್ತಾರೆ, ಆಮೇಲೆ ಎರಡು ಪಾಲು, ಆಮೇಲೆ ಸ್ವಲ್ಪ ಪಟಾಕಿ ಮದ್ದು ‘ಜೋರು ಬರಲಿ’ ಅಂತ. ಅಪಾಯ ಹೀಗೆ ಒಂದೊಂದೇ ಚಮಚ ಏರುತ್ತೆ. ಅದಕ್ಕೇ ಹೇಳಿದ್ದು, ಒಳ್ಳೆ ಮದ್ದು ಸಿಕ್ಕರೆ ಕಡಿಮೆ ಮದ್ದು ಖರ್ಚಾಗುತ್ತೆ.

‘ಇದೆಲ್ಲ ರಗಳೆಯೇ ಬೇಡ, ಎಲ್ಲ ಕೋವಿ ಕಿತ್ತುಕೊಂಡು ಬಿಡಲಿ’ ಅನ್ನುವ ಪಕ್ಷ ದೊಡ್ಡದಿದೆ. ಬೆಂಗಳೂರಿನಲ್ಲಿ ಕೂತರೆ ನನಗೂ ಕೆಲವು ಸಲ ಹಾಗೆ ಅನ್ನಿಸುವುದುಂಟು. ಆದರೆ ಕಿತ್ತುಕೊಂಡ ಮೇಲೆ ಏನಾಗುತ್ತೆ ಅನ್ನುವುದನ್ನು ಊಹಿಸಬೇಕಾಗಿಲ್ಲ, ನೋಡಿದ್ದೇವೆ. ಲೈಸೆನ್ಸಿಲ್ಲದವನೂ ಬೆಳೆ ಕಾಯಲೇಬೇಕಲ್ಲ. ಅವನು ತಂತಿಗೆ ಕಳ್ಳ ಕರೆಂಟು ಕೊಡ್ತಾನೆ, ಮದ್ದನ್ನು ಹಣ್ಣಿನಲ್ಲಿಟ್ಟು ಹೊಲದಂಚಿನಲ್ಲಿ ಬಿಡ್ತಾನೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಬಾಯಿ ಛಿದ್ರವಾದ ಬಸುರಿ ಆನೆ ಹೊಳೆಯಲ್ಲಿ ನಿಂತು ಸತ್ತದ್ದು ನೆನಪಿದೆಯಾ? ನಾವೆಲ್ಲ ಸ್ಟೇಟಸ್ ಹಾಕಿಕೊಂಡಿದ್ದೆವು. ಹಂದಿಗೆ ಇಡುವಂಥ ಸಿಡಿಮದ್ದು ಅದು. ಕೋವಿಯಿಂದ ಹೊಡೆದ ಈಡಿಗೆ ಒಬ್ಬ ಮನುಷ್ಯ, ಒಂದು ನಂಬರು, ಒಂದು ಪುಸ್ತಕ ಇರುತ್ತೆ. ಹೊಲದಂಚಿನ ಸಿಡಿಮದ್ದಿಗೆ ಯಾವ ನಂಬರೂ ಇಲ್ಲ. ಅದನ್ನು ಕಚ್ಚುವುದು ಹಂದಿಯೋ ಆನೆಯೋ ಎಮ್ಮೆಯೋ ನಾಯಿಯೋ, ಕೈಗೆ ಸಿಕ್ಕಿತು ಅಂತ ಎತ್ತಿಕೊಳ್ಳುವ ಮಗುವೋ.

ಹೊಸ ತಲೆಮಾರಿನ ಉಪಾಯ ಇನ್ನೊಂದಿದೆ. ಪಿವಿಸಿ ಪೈಪು, ಕಾರ್ಬೈಡು, ಯೂಟ್ಯೂಬು. ಮಂಗ ಓಡಿಸಲು ಅಂತ ಶುರುವಾದದ್ದು. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಮಕ್ಕಳು ಇದನ್ನೇ ಪಟಾಕಿ ಮಾಡಿಕೊಂಡರು, ನೂರಕ್ಕೂ ಹೆಚ್ಚು ಮಂದಿ ಕಣ್ಣಿಗೆ ಪೆಟ್ಟು ಮಾಡಿಕೊಂಡು ಆಸ್ಪತ್ರೆ ಸೇರಿದರು. ಕಿತ್ತುಕೊಳ್ಳಿ ಅನ್ನುವವರು ದಯವಿಟ್ಟು ಇದಕ್ಕೂ ಒಂದು ಯೋಜನೆ ತನ್ನಿ.

‘ಸ್ಫೋಟಕ ಅಂದ ಮೇಲೆ ಸರ್ಕಾರ ಬಿಗಿ ಮಾಡಲೇಬೇಕಲ್ಲ’ ಅನ್ನುವ ಮಾತಿಗೆ ನನ್ನ ಒಪ್ಪಿಗೆ ಇದೆ. ಆದರೆ ಬಿಗಿ ಯಾರ ಮೇಲೆ ಅಂತ ನೋಡಿ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹತ್ತಿರ ಹುಣಸೋಡಿನ ಕ್ರಷರಿನಲ್ಲಿ ಲಾರಿ ತುಂಬ ಇದ್ದ ಸ್ಫೋಟಕ ಸಿಡಿದಾಗ ಅಕ್ಕಪಕ್ಕದ ಜಿಲ್ಲೆಯವರೆಗೂ ಭೂಕಂಪ ಅಂದುಕೊಂಡು ಜನ ಮನೆಯಿಂದ ಹೊರಗೋಡಿದರು. ತಿಂಗಳು ಕಳೆಯುವಷ್ಟರಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಮತ್ತೊಂದು. ಕಲ್ಲುಗಣಿಗೆ ಲಾರಿಗಟ್ಟಲೆ ಬರುತ್ತೆ. ಲೈಸೆನ್ಸ್ ಪುಸ್ತಕ ಹಿಡಿದು ಕಾಲು ಕೆಜಿ ಮದ್ದು ಕೇಳಿದ ರೈತನಿಗೆ ಮಾತ್ರ ‘ಮೇಲಿಂದ ಆರ್ಡರ್ ಬಂದಿಲ್ಲ’.

ಇನ್ನು ಊರಿನ ಪಕ್ಷ. ಇವರ ಮೇಲೂ ನನಗೆ ಸಿಟ್ಟಿದೆ. ‘ನಮ್ಮ ಕಾಲದಲ್ಲಿ ಯಾವ ಎಫ್ಫೂ ಇರಲಿಲ್ಲ, ಎಲ್ಲ ಕೈ ಅಂದಾಜು’ ಅನ್ನುವ ದೊಡ್ಡಪ್ಪಂದಿರು ಪ್ರತಿ ಊರಲ್ಲೂ ಇದ್ದಾರೆ. ದೊಡ್ಡಪ್ಪ, ನಿಮ್ಮ ಕಾಲದಲ್ಲಿ ಕೈ ಅಂದಾಜು ತಪ್ಪಿದವರು ಈಗ ಕಥೆ ಹೇಳಲು ಕೂತಿಲ್ಲ, ಅಷ್ಟೇ. ಪರಂಪರೆ ಅಂತೀರಾದರೆ ಹತ್ತಿರದ ಚಿತ್ರದುರ್ಗದ ಕೋಟೆಗೆ ಹೋಗಿ ಬನ್ನಿ. ನೆಲ ಅಗೆದ ಗುಂಡಿಯಲ್ಲಿ ಮದ್ದು ಬೀಸುವ ದೊಡ್ಡ ದೊಡ್ಡ ಕಲ್ಲುಗಳಿವೆ, ಗೈಡು ಅಲ್ಲಿ ನಿಲ್ಲಿಸದೆ ಮುಂದೆ ಕರೆದೊಯ್ಯಲ್ಲ. ಪಾಳೆಗಾರ ಮದ್ದನ್ನು ಮನೆಮನೆಯ ಅಂದಾಜಿಗೆ ಬಿಟ್ಟಿರಲಿಲ್ಲ, ಕೋಟೆಯೊಳಗೆ ತನ್ನ ಕಣ್ಣಳತೆಯಲ್ಲಿ ಬೀಸಿಸುತ್ತಿದ್ದ ಅಂತ ತಾನೇ ಆ ಕಲ್ಲು ಹೇಳುವುದು? 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಪಾಳುಬಾವಿಯಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ಟು ಸಿಕ್ಕವು. ವಾಟ್ಸಾಪಿನಲ್ಲಿ ಎಂಥ ಹೆಮ್ಮೆ, ಎಂಥ ಜಗಳ! ಅಷ್ಟು ರಾಕೆಟ್ಟು ಒಂದೇ ಕಡೆ ಸಿಗಬೇಕಾದರೆ ಯಾರೋ ಲೆಕ್ಕ ಇಟ್ಟು, ಮದ್ದು ತುಂಬಿಸಿ, ಜೋಡಿಸಿ ಇಟ್ಟಿರಬೇಕು ಅನ್ನುವುದು ಮಾತ್ರ ಯಾರಿಗೂ ಹೆಮ್ಮೆಯ ವಿಷಯ ಆಗಲಿಲ್ಲ.

ಕೊಡಗಿನ ಉದಾಹರಣೆ ಕೊಡುವವರಿಗೆ ಒಂದೇ ಮಾತು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿದೆ. ಅಲ್ಲಿ ಕೋವಿಗೆ ಪೂಜೆ ಮಾಡುವ ಕೈಲ್‌ಪೊಳ್ದ್ ಹಬ್ಬವೇ ಇದೆ, ಸಾವಿನ ಸುದ್ದಿಯನ್ನೂ ಕೋವಿಯ ಸದ್ದೇ ಊರಿಗೆ ಮುಟ್ಟಿಸ್ತಿತ್ತು. ಅವರ ಮಾತು ಬೇರೆ. ನಮಗೆ ವಿನಾಯಿತಿ ಬೇಡ. ಲೈಸೆನ್ಸ್ ಇರಲಿ, ಇನ್ನೂ ಬಿಗಿಯಾಗಿ ಇರಲಿ. ಲೈಸೆನ್ಸಿನ ಬೆನ್ನಿಗೆ ಮದ್ದು ಬರಲಿ.

ಹೇಗೆ ಅಂತ ಕೇಳ್ತೀರಿ. ರಾಕೆಟ್ ಸೈನ್ಸ್ ಏನಲ್ಲ (ನಗರದ ಬಾವಿಯ ಮೇಲಾಣೆ). ಪರೀಕ್ಷೆ ಮಾಡಿದ ಕರಿಮದ್ದು ಸಣ್ಣ ಸೀಲ್ಡ್ ಡಬ್ಬಿಯಲ್ಲಿ, ಮೇಲೆ ಕಾಳಿನ ಗಾತ್ರ, ತಯಾರಾದ ತಾರೀಕು, ಕನ್ನಡದಲ್ಲಿ ನಾಲ್ಕು ಸಾಲು ಎಚ್ಚರಿಕೆ. ಅದನ್ನು ತಾಲ್ಲೂಕು ಕೇಂದ್ರದಲ್ಲಿ ತಿಂಗಳಿಗೊಂದು ದಿನವಾದರೂ ಲೈಸೆನ್ಸ್ ಪುಸ್ತಕದಲ್ಲಿ ಬರೆದುಕೊಂಡು ಕೊಡುವ ಏರ್ಪಾಡು. ಖಾಲಿ ಡಬ್ಬಿ ತಂದರೆ ಮಾತ್ರ ಹೊಸ ಡಬ್ಬಿ. ಗ್ಯಾಸ್ ಸಿಲಿಂಡರಿಗೆ ಮಾಡುವ ವ್ಯವಸ್ಥೆ ಇದಕ್ಕೆ ಆಗಲ್ಲ ಅಂತ ನನ್ನ ಮುಂದೆ ಯಾರೂ ಹೇಳಬೇಡಿ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಲೈಸೆನ್ಸ್ ಕೇಳುವವನಿಗೆ ಸುರಕ್ಷತಾ ತರಬೇತಿ ಅಂತ ಇದೆ. ಆ ತರಬೇತಿಯಲ್ಲಿ ಕೇಪಿನ ಕೋವಿಯ ರೈತನಿಗೆ ಒಂದು ಗಂಟೆ ಮದ್ದಿನ ಪಾಠ ಕನ್ನಡದಲ್ಲಿ ಆಗಲಿ, ಮೂರು ಥರದ ಪುಡಿಯನ್ನು ಬಟ್ಟಲಲ್ಲಿಟ್ಟು ತೋರಿಸಿ ‘ಇದು ಹೌದು, ಇವೆರಡು ಅಲ್ಲ’ ಅಂತ.

ಇನ್ನು ನಳಿಗೆ. ಮದ್ದು ಎಷ್ಟೇ ಒಳ್ಳೆಯದಿದ್ದರೂ ಒಳಗೆ ತುಕ್ಕು ತಿಂದ ನಳಿಗೆ ತಡೆಯುವುದಿಲ್ಲ. ಕರಿಮದ್ದು ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಗಾಳಿಯಾಗುವುದೇ ಇಲ್ಲ, ಹೊಗೆಯಾಗಿ ಹಾರುತ್ತೆ, ಮಸಿಯಾಗಿ ಒಳಗೇ ಅಂಟುತ್ತೆ. ಆ ಮಸಿ ತೇವ ಹೀರಿ ಕಬ್ಬಿಣ ತಿನ್ನುತ್ತೆ. ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಕೈ ಆಡಿಸಬೇಕು, ಅದೂ ಅವತ್ತೇ. ಬೆಳಗಿನ ಜಾವ ನಾಲ್ಕಕ್ಕೆ ಹೊಲದಿಂದ ಬಂದವನು ಮಾಡ್ತಾನಾ? ಮಾಡಲ್ಲ. ಹಾಗಾಗಿ ಯಾರಾದರೂ ಆಗಾಗ ನಳಿಗೆಯೊಳಗೆ ಬೆಳಕು ಬಿಟ್ಟು ನೋಡಬೇಕು. ಅದಕ್ಕೆ ಹೊಸ ಇಲಾಖೆ ಬೇಕಾ? ಬೇಡ. ಚುನಾವಣೆಗೆ ಅಂತ ಕೋವಿಗಳನ್ನೆಲ್ಲ ಠಾಣೆಗೆ ತರಿಸ್ತೀರಲ್ಲ, ಎರಡು ಮೂರು ತಿಂಗಳು ಚೀಟಿ ಕಟ್ಟಿಸಿಕೊಂಡು ಗೋಡೆಗೆ ಒರಗಿ ನಿಂತಿರುತ್ತವಲ್ಲ, ಆಗ ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ಆರ್ಮರರ್ ಒಬ್ಬರು ಬಂದು ಎಲ್ಲವನ್ನೂ ಒಮ್ಮೆ ನೋಡಲಿ. ಬಿರುಕು ಬಿಟ್ಟದ್ದಕ್ಕೆ ಕೆಂಪು ಚೀಟಿ, ಚೆನ್ನಾಗಿರುವುದಕ್ಕೆ ‘ಇದಕ್ಕೆ ಇಂಥ ಕಾಳಿನ ಮದ್ದು’ ಅಂತ ಬಿಳಿ ಚೀಟಿ. ಕೋವಿ ಕಸಿದುಕೊಂಡ ಸಿಟ್ಟಾದರೂ ಸ್ವಲ್ಪ ಇಳಿಯುತ್ತೆ.

ಪಕ್ಕದ ಕೇರಳ 2022ರಲ್ಲಿ ಬೆಳೆ ಹಾಳು ಮಾಡುವ ಹಂದಿಯ ವಿಚಾರದಲ್ಲಿ ತೀರ್ಮಾನ ತಗೊಳ್ಳುವ ಅಧಿಕಾರವನ್ನು ಪಂಚಾಯ್ತಿ ಅಧ್ಯಕ್ಷರ ಮಟ್ಟಕ್ಕೆ ಇಳಿಸಿತು. ಸ್ಫೋಟಕ, ವಿಷ, ಕರೆಂಟು ಬಳಸಕೂಡದು ಅಂತಲೂ ಹೇಳಿತು. ಅದು ಸರಿಯೋ ತಪ್ಪೋ, ಬೇರೆ ಚರ್ಚೆ. ಹೊಲಕ್ಕೆ ಹತ್ತಿರ ಇರುವವರ ಕೈಗೆ ಒಂದಿಷ್ಟು ಅಧಿಕಾರ, ಜೊತೆಗೆ ಸ್ಪಷ್ಟ ಗೆರೆ. ನಮ್ಮಲ್ಲಿ ಅಧಿಕಾರ ಚಿಕ್ಕಮಗಳೂರಿನಲ್ಲಿ, ಗೆರೆ ಎಲ್ಲೂ ಇಲ್ಲ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟೋ ಮಂದಿಯ ಊರಿನ ಮನೆಯಲ್ಲಿ ಬಾಗಿಲ ಹಿಂದೆ ಒಂದು ಕೋವಿ ಇದೆ. ಲೈಸೆನ್ಸ್ ಅಪ್ಪನದ್ದೋ ದೊಡ್ಡಪ್ಪನದ್ದೋ. ಈ ಸಲ ಹೋದಾಗ ಅದರ ಜೊತೆ ಸೆಲ್ಫಿ ತಗೊಂಡು ಸಾಕು ಮಾಡಬೇಡಿ, ಮದ್ದಿನ ಡಬ್ಬಿ ಎಲ್ಲಿದೆ ಕೇಳಿ. ಕಾಳು ಕಾಳಾಗಿ ಕಪ್ಪಗಿದೆಯಾ, ಹಿಟ್ಟಾಗಿದೆಯಾ, ಬೂದಿ ಬಣ್ಣಕ್ಕೆ ಮಿಂಚುತ್ತಾ, ದೂರದಿಂದಲೇ ನೋಡಿ. ಕುಲುಕಬೇಡಿ, ಬೆರಳಲ್ಲಿ ಉಜ್ಜಬೇಡಿ, ‘ಟೆಸ್ಟ್ ಮಾಡೋಣ’ ಅಂತ ಕಡ್ಡಿ ಗೀರಬೇಡಿ. ಮಿಂಚುತ್ತಿದ್ದರೆ ಅದನ್ನು ಕೋವಿಗೆ ಹಾಕಬಾರದು ಅಂತ ಅಪ್ಪನ ಹತ್ತಿರ ಜಗಳವಾದರೂ ಪರವಾಗಿಲ್ಲ, ಹೇಳಿ. ಆಮೇಲೆ ಲ್ಯಾಪ್‌ಟಾಪ್ ತೆಗೆದು ಜಿಲ್ಲಾಧಿಕಾರಿಗೆ ಒಂದು ಅರ್ಜಿ ಟೈಪ್ ಮಾಡಿ: ಬೆಳೆ ರಕ್ಷಣೆಯ ಲೈಸೆನ್ಸ್ ಇರುವವರಿಗೆ ಅಜ್ಜಂಪುರದಲ್ಲೇ ಪರೀಕ್ಷಿತ ಕರಿಮದ್ದು ಸಿಗುವಂತೆ ಮಾಡಬೇಕು, ಠಾಣೆಗೆ ಬಂದ ಕೋವಿಗಳ ನಳಿಗೆ ತಪಾಸಣೆ ಆಗಬೇಕು. ಎರಡು ಸಾಲು ಸಾಕು. ಕೆಳಗೆ ಊರಿನ ಲೈಸೆನ್ಸ್‌ದಾರರ ಸಹಿ ಹಾಕಿಸಿ. ಮುಂದಿನ ಎಲೆಕ್ಷನ್ನಿಗೆ ಕೋವಿ ಒಪ್ಪಿಸಲು ಹೋದಾಗ ಅರ್ಜಿಯನ್ನೂ ಕೊಟ್ಟು, ಎರಡಕ್ಕೂ ಬೇರೆ ಬೇರೆ ರಸೀದಿ ಕೇಳಿ ತಗೊಳ್ಳಿ.